ಅಡ್ಡ ಚೌಕಟ್ಟಿನ ಮುಖಗಳು

೧೯೮೬ನೇ ಇಸವಿ ಏಪ್ರಿಲ್ ಹದಿನಾರು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಕಲಘಟಗಿಯ ಮಡಿವಾಳೆಪ್ಪ ತನ್ನ ಫೋಟೋ ಸ್ಟುಡಿಯೋದ ಕಟ್ಟೆಯ ಮೇಲೆ ಕೂತು, ಒಂದು ಅರ್ಜಿಯ ಮೂಲೆಯಲ್ಲಿದ್ದ ಖಾಲಿ ಚೌಕಟ್ಟನ್ನು ಮೂರನೇ ಸಲ ಅಳೆಯುತ್ತಿದ್ದ. ಮೊದಲ ಸಲ ಅಗಲ ನಾಲ್ಕೂವರೆ ಸೆಂಟಿಮೀಟರ್, ಎತ್ತರ ಮೂರೂವರೆ ಬಂದಿತ್ತು. ಎರಡನೇ ಸಲ ಸ್ಟೀಲಿನ ಪಟ್ಟಿಯನ್ನು ಧೋತರದ ಅಂಚಿಗೆ ಒರೆಸಿ ಅಳೆದ, ಅಷ್ಟೇ ಬಂತು. ಮೂರನೇ ಸಲ ಅರ್ಜಿಯನ್ನೇ ತಿರುಗಿಸಿ ಹಿಡಿದ. ಆಗ ಚೌಕಟ್ಟು ಸರಿಯಾಗಿ ಎದ್ದು ನಿಂತಿತು, ಆದರೆ ಅರ್ಜಿಯ ಅಕ್ಷರಗಳೆಲ್ಲ ಅಡ್ಡಬಿದ್ದವು.

ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಮಡಿವಾಳೆಪ್ಪ ಆರಿಂಚಿನ ಪಟ್ಟಿ ಇಟ್ಟುಕೊಳ್ಳುತ್ತಿದ್ದ. ಅದಕ್ಕೇ ಊರಲ್ಲಿ ಅವನಿಗೆ ಪಟ್ಟಿ ಮಡಿವಾಳೆಪ್ಪ ಎಂದೇ ಹೆಸರು. ಮದುವೆಯಾದ ಹೊಸದರಲ್ಲಿ ಹೆಂಡತಿ ರೇವವ್ವ ಬಡಿದ ರೊಟ್ಟಿಯ ಮೇಲೆ ಪಟ್ಟಿ ಇಟ್ಟು, ಉದ್ದಕ್ಕೂ ಅಡ್ಡಕ್ಕೂ ಒಂದು ಸೆಂಟಿಮೀಟರ್ ಫರಕು ಇರುವುದನ್ನು ಆಕೆಗೆ ತೋರಿಸಿಕೊಟ್ಟಿದ್ದ. ಆ ದಿನ ಅವನಿಗೆ ಊಟ ಸಿಗಲಿಲ್ಲ. ಮಾರನೆಯ ದಿನದಿಂದ ಪಟ್ಟಿಯನ್ನು ಹೊಸ್ತಿಲ ಹೊರಗಿನ ಗೂಡಿನಲ್ಲಿ ಇಟ್ಟು ಒಳಗೆ ಹೋಗುವ ರೂಢಿ ಮಾಡಿಕೊಂಡ.

ಹದಿನಾಲ್ಕು ವರ್ಷ ಮಂದಿಯ ಮುಖ ನೋಡಿ ನೋಡಿ ಅವನು ಒಂದು ಲೆಕ್ಕ ಕಂಡುಕೊಂಡಿದ್ದ. ಮನುಷ್ಯನ ಮುಖದ ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲು. ಒಂದಿಷ್ಟು ಹೆಚ್ಚುಕಡಿಮೆ ಇದ್ದೀತು, ಅದಕ್ಕಿಂತ ಹೆಚ್ಚಲ್ಲ. "ಎರಡಕ್ಕ ಮೂರು, ಇದು ದೇವರ ಕಟ್ಟಿದ ಲೆಕ್ಕರಿ," ಎನ್ನುತ್ತಿದ್ದ ಕುರ್ಚಿಯಲ್ಲಿ ಕೂತ ಗಿರಾಕಿಗೆ. "ಸಾವಕಾರಗೂ ಅಷ್ಟ, ಕುರಿ ಕಾಯಾವ್ಗೂ ಅಷ್ಟ. ಗದ್ದಾ ಸ್ವಲ್ಪ ಕೆಳಗ ಮಾಡ್ರಿ."

ಈ ಲೆಕ್ಕವನ್ನು ತಪ್ಪೆಂದು ಸಾಧಿಸಲು ಆ ವರ್ಷ ಊರಿಗೆ ಒಂದು ಕಚೇರಿ ಬಂತು.

ಅದರ ಹೆಸರು ಮೇವು ಪರವಾನಗಿ ಕಚೇರಿ. ಕಾಡಂಚಿನ ಹುಲ್ಲುಗಾವಲಿಗೆ, ಅಂದರೆ ಕಾವಲಿಗೆ, ಕುರಿ ಹೊಡೆದುಕೊಂಡು ಹೋಗುವವರು ಇನ್ನು ಮುಂದೆ ಫೋಟೋ ಅಂಟಿಸಿದ ಕಾರ್ಡು ತೋರಿಸಬೇಕು ಎಂದು ಅದು ಡಂಗುರ ಸಾರಿಸಿತು. ಜೂನಿನಲ್ಲಿ ಮಿರಗದ ಮಳೆ ಬಿದ್ದು ಹೊಲಗಳಲ್ಲಿ ಬಿತ್ತಿಗೆ ಶುರುವಾಯಿತೆಂದರೆ ಕುರಿಗೆ ಕಾವಲು ಬಿಟ್ಟರೆ ಗತಿಯಿಲ್ಲ. ಬಿತ್ತಿದ ಹೊಲದಲ್ಲಿ ಒಂದು ಕುರಿ ಬಾಯಿ ಹಾಕಿದರೂ ಊರಿಗೆ ಊರೇ ಬಡಿಗೆ ಹಿಡಿದು ಬರುತ್ತದೆ. ಹಾಗಾಗಿ ಬಮ್ಮಿಗಟ್ಟಿ ಮತ್ತು ಸುತ್ತಲಿನ ಊರುಗಳ ಕುರಿಗಾರರೆಲ್ಲ ಅರ್ಜಿ ಹಿಡಿದು ಮಡಿವಾಳೆಪ್ಪನ ಕಟ್ಟೆಗೆ ಬಂದರು. ಸ್ಟುಡಿಯೋದ ಬಾಗಿಲಿಗೆ ಕಚೇರಿಯವರೇ 'ಮಾನ್ಯತೆ ಪಡೆದ ಛಾಯಾಗ್ರಾಹಕರು' ಎಂಬ ಬೋರ್ಡು ಹೊಡೆದುಕೊಟ್ಟಿದ್ದರು.

ಅರ್ಜಿಯ ಬೆನ್ನಿಗೆ ನಿಯಮಗಳಿದ್ದವು. ಏಳನೆಯದು ಫೋಟೋದ್ದು. ಫೋಟೋ ಚೌಕಟ್ಟನ್ನು ಪೂರ್ತಿ ತುಂಬಿರತಕ್ಕದ್ದು, ಒಳಗೆ ಬಿಳಿ ಜಾಗ ಉಳಿಯತಕ್ಕದ್ದಲ್ಲ, ಚೌಕಟ್ಟಿನ ಹೊರಗೆ ಚಾಚತಕ್ಕದ್ದಲ್ಲ. ತಲೆ, ಗದ್ದ, ಎರಡೂ ಕಿವಿ ಕಾಣತಕ್ಕದ್ದು. ಮುಖವು ಚೌಕಟ್ಟಿನ ಅಗಲದ ಮುಕ್ಕಾಲು ಪಾಲು ಇರತಕ್ಕದ್ದು.

ಚೌಕಟ್ಟು ನಿಂತಿದ್ದರೆ ಈ ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ಮೂರೂವರೆ ಅಗಲದ ಮುಕ್ಕಾಲು ಎರಡು ಸೆಂಟಿಮೀಟರ್ ಆರು ಮಿಲಿಮೀಟರ್. ಅಂಥ ಮುಖದ ಉದ್ದ ಮೂರು ಸೆಂಟಿಮೀಟರ್ ಒಂಬತ್ತು ಮಿಲಿಮೀಟರ್. ನಾಲ್ಕೂವರೆ ಎತ್ತರದಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಚೌಕಟ್ಟು ಮಲಗಿತ್ತು. ಮಲಗಿದ ಚೌಕಟ್ಟಿನ ಮುಕ್ಕಾಲು ಅಗಲಕ್ಕೆ ಮುಖ ಹಿಗ್ಗಿಸಿದರೆ ಅದರ ಉದ್ದ ಐದು ಸೆಂಟಿಮೀಟರ್ ದಾಟುತ್ತದೆ. ಎತ್ತರ ಇದ್ದದ್ದು ಮೂರೂವರೆ. ಉಳಿದ ಒಂದೂವರೆ ಸೆಂಟಿಮೀಟರಿಗೂ ಹೆಚ್ಚಿನ ಮುಖವನ್ನು ಎಲ್ಲಿ ಇಡಬೇಕೆಂದು ನಿಯಮ ಹೇಳಿರಲಿಲ್ಲ. ಏಳನೇ ನಿಯಮಕ್ಕೆ ಸರಿಹೊಂದುವ ಮುಖ ಲೋಕದಲ್ಲಿ ಕಪ್ಪೆಗೆ ಮಾತ್ರ ಇದೆ ಎಂದು ಮಡಿವಾಳೆಪ್ಪ ತೀರ್ಮಾನಿಸಿ, ಪಟ್ಟಿಯನ್ನು ಜೇಬಿಗಿಳಿಸಿ, ಕಚೇರಿಗೆ ನಡೆದ.

ಹೆಡ್ ಕ್ಲಾರ್ಕ್ ಕುಬೇರಪ್ಪ ಕೆಟ್ಟ ಮನುಷ್ಯನಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾವ ಕಾಗದವನ್ನೂ ತಾನಾಗಿ ತಿದ್ದಿದವನಲ್ಲ. ಅದೇ ಅವನ ದೊಡ್ಡಸ್ತಿಕೆ.

"ಕುಬೇರಪ್ಪನವರ, ಇದು ಅಡ್ಡ ಆಗೇತ್ರಿ," ಎಂದ ಮಡಿವಾಳೆಪ್ಪ.

"ಏನು ಅಡ್ಡ?"

"ಚೌಕಟ್ಟರಿ. ಮಲಗೇತಿ. ಎಬ್ಬಿಸಿ ನಿಂದ್ರಸಬೇಕಾಗಿತ್ತು."

ಕುಬೇರಪ್ಪ ಅರ್ಜಿಯನ್ನು ನೋಡಲಿಲ್ಲ, ಮಡಿವಾಳೆಪ್ಪನನ್ನು ನೋಡಿದ. "ಮೂರು ಸಾವಿರ ಪ್ರತಿ ಅಚ್ಚಾಗಿ ಬಂದಾವ. ಮ್ಯಾಲಿನವರು ಮಂಜೂರ ಮಾಡ್ಯಾರ. ಮಂಜೂರಾದ್ದು ಎಂದೂ ಅಡ್ಡ ಇರೂದಿಲ್ಲೋ ಮಾರಾಯಾ. ನೋಡೂ ಮಂದಿ ಅಡ್ಡ ನಿಂತಿರತಾರ."

ಆದದ್ದು ಇಷ್ಟು. ಅರ್ಜಿಯಲ್ಲಿ ಮೊದಲು ಚೌಕಟ್ಟು ನೆಟ್ಟಗೇ ಇತ್ತು. ಅಚ್ಚಿಗೆ ಹೋಗುವ ಹಿಂದಿನ ದಿನ ಮೇಲಿನವರಿಗೆ, ಕುರಿ ಎಷ್ಟು, ಆಡು ಎಷ್ಟು, ಟಗರು ಎಷ್ಟು ಎಂದು ಕೇಳಿದ ಮೇಲೆ ನಾಯಿ ಎಷ್ಟು ಎಂದೂ ಕೇಳಬೇಕೆಂಬ ಜ್ಞಾನೋದಯವಾಯಿತು. ಒಂದು ಸಾಲು ಹೆಚ್ಚಾಯಿತು. ಅಚ್ಚಿನ ಮೊಳೆ ಜೋಡಿಸುವವನು ಅದಕ್ಕೆ ಜಾಗ ಮಾಡಲು ಚೌಕಟ್ಟನ್ನು ಮೆಲ್ಲಗೆ ಮಲಗಿಸಿದ. ನಾಯಿಗೆ ಜಾಗ ಸಿಕ್ಕಿತು. ಮನುಷ್ಯನ ಗದ್ದಕ್ಕೆ ಸಿಗಲಿಲ್ಲ.

"ಹಂಗಾರ ಏನ ಮಾಡಬೇಕ್ರಿ?"

"ಚೌಕಟ್ಟಿಗೆ ತಕ್ಕಂಗ ಫೋಟೋ ಕೂಡಸು. ಅದಕ್ಕ ನಿನಗ ಮಾನ್ಯತೆ ಕೊಟ್ಟದ್ದು."

ಮಡಿವಾಳೆಪ್ಪ ಕ್ರಮಬದ್ಧವಾಗಿ ಹೊರಟ. ಮೊದಲು ಪೂರ್ತಿ ಫೋಟೋವನ್ನು ಚೌಕಟ್ಟಿನ ಎತ್ತರಕ್ಕೆ ಇಳಿಯುವಷ್ಟು ಸಣ್ಣದು ಮಾಡಿ ನಡುವೆ ಅಂಟಿಸಿದ. ಎಡಬಲಕ್ಕೆ ಬಿಳಿ ಪಟ್ಟಿ ಉಳಿಯಿತು. ಹತ್ತು ಅರ್ಜಿ ಹೋದವು. 'ಬಿಳಿ ಜಾಗ' ಎಂಬ ಷರಾದೊಡನೆ ಹತ್ತೂ ವಾಪಸಾದವು. ಆಮೇಲೆ ಅಗಲ ತುಂಬುವಷ್ಟು ದೊಡ್ಡದು ಮಾಡಿ, ಹೊರಗೆ ಉಳಿದದ್ದನ್ನು ಕತ್ತರಿಸಿದ. ಮೇಲೆ ರುಮಾಲು ಹೋಯಿತು, ಕೆಳಗೆ ಗದ್ದ ಹೋಯಿತು. ಉಳಿದದ್ದು ಎರಡು ಕಣ್ಣು, ಒಂದು ಮೂಗು, ಮೀಸೆ. 'ತಲೆ ಇಲ್ಲ' ಎಂಬ ಷರಾ ಬಂತು. ತಲೆ ಇಲ್ಲದವರು ಯಾರು ಎಂದು ಷರಾದಲ್ಲಿ ಸ್ಪಷ್ಟವಿರಲಿಲ್ಲ. ಕತ್ತರಿಸದೆ ಹಾಗೇ ಅಂಟಿಸಿದಾಗ ಫೋಟೋ ಚೌಕಟ್ಟಿನಿಂದ ಕೆಳಗೆ ಇಳಿದು ಅರ್ಜಿದಾರನ ಹೆಸರನ್ನೇ ಮುಚ್ಚಿತು. ಹೆಸರಿಲ್ಲದ ಅರ್ಜಿ ಅರ್ಜಿಯೇ ಅಲ್ಲ ಎಂದು ಅದೂ ವಾಪಸಾಯಿತು.

ಬಮ್ಮಿಗಟ್ಟಿಯ ಹೊಳೆಯಪ್ಪ ಎಂಬ ಕುರಿಗಾರ, ಊರಿಗೆಲ್ಲ ಚೇಷ್ಟೆಯವನು, ಈ ಓಡಾಟಕ್ಕೆ ಬೇಸತ್ತು ತನ್ನ ಫೋಟೋವನ್ನು ತಾನೇ ಚೌಕಟ್ಟಿನಲ್ಲಿ ಉದ್ದಕ್ಕೆ ಮಲಗಿಸಿ ಅಂಟಿಸಿಕೊಟ್ಟ.

"ಇದೇನೋ? ಮಲಕೊಂಡೀಯಲ್ಲ?" ಎಂದ ಕುಬೇರಪ್ಪ.

"ಹೌದ್ರಿ. ನಿಮ್ಮ ಕಚೇರಿಗೆ ಅಡ್ಡಾಡಿ ಅಡ್ಡಾಡಿ ಸಾಕಾತ್ರಿ. ಅದಕ್ಕ ಸ್ವಲ್ಪ ಅಡ್ಡಾಗೇನಿ."

ಅದೂ ವಾಪಸಾಯಿತು.

ಉಳಿದದ್ದು ಒಂದೇ ದಾರಿ. ಅದು ಮಡಿವಾಳೆಪ್ಪನಿಗೆ ಮೊದಲ ದಿನವೇ ಗೊತ್ತಿತ್ತು, ಮನಸ್ಸು ಒಪ್ಪಿರಲಿಲ್ಲ. ನೆಗೆಟಿವಿನಿಂದ ಚಿತ್ರ ದೊಡ್ಡದು ಮಾಡುವ ಯಂತ್ರದ ಕೆಳಗೆ ಕಾಗದ ಇಡುವ ಹಲಗೆ ಸಮತಟ್ಟಾಗಿದ್ದರೆ ಮುಖ ಇದ್ದ ಹಾಗೆ ಬರುತ್ತದೆ. ಹಲಗೆಯ ಒಂದು ಬದಿಯನ್ನು ಎತ್ತಿ ಓರೆ ಮಾಡಿದರೆ, ಸಂಜೆ ನೆರಳು ಉದ್ದವಾದಂತೆ, ಚಿತ್ರ ಆ ದಿಕ್ಕಿಗೆ ಹಿಗ್ಗುತ್ತದೆ. ಮಗಳ ಕಂಪಾಸು ಪೆಟ್ಟಿಗೆಯ ಕೋನಮಾಪಕ ತಂದು ಹಲಗೆಯನ್ನು ನಲವತ್ತು ಡಿಗ್ರಿ ಓರೆ ಮಾಡಿದ. ಮುಖ ಅಗಲವಾಯಿತು, ಆದರೆ ಒಂದು ಕಿವಿ ಇನ್ನೊಂದರ ಎರಡರಷ್ಟಾಯಿತು. ನೆಗೆಟಿವ್ ಹಿಡಿಯುವ ಚೌಕಟ್ಟಿನ ಕೆಳಗೆ ಬೆಂಕಿಕಡ್ಡಿ ಸಿಕ್ಕಿಸಿ ಅದನ್ನೂ ಸ್ವಲ್ಪ ಓರೆ ಮಾಡಿದ. ಎರಡು ದಿನ, ಹತ್ತೊಂಬತ್ತು ಕಾಗದ ಹಾಳಾದ ಮೇಲೆ ಕಿವಿಗಳು ಸಮ ಆದವು. ಎರಡಕ್ಕೆ ಮೂರಿದ್ದ ಮುಖ ಮೂರಕ್ಕೆ ಮೂರಾಗಿ, ತಲೆ ಗದ್ದ ಕಿವಿ ಸಮೇತ, ಮಲಗಿದ ಚೌಕಟ್ಟಿನಲ್ಲಿ ಬಿಳಿ ಜಾಗ ಬಿಡದೆ ಕೂತಿತು.

ಕೆಲಸ ಅಚ್ಚುಕಟ್ಟಾಗಿತ್ತು, ಅದೇ ಅವನಿಗೆ ಹೆಚ್ಚು ನಾಚಿಕೆ ತಂದದ್ದು. ಹಿಗ್ಗಿಸಿದ ಪ್ರತಿಯೊಂದು ಮುಖಕ್ಕೂ ಒಂದು ನೋಟುಬುಕ್ಕಿನಲ್ಲಿ ನಂಬರು ಹಾಕಿ, ಹೆಸರು, ಊರು, ಹಲಗೆ ಎಷ್ಟು ಡಿಗ್ರಿ ಎಂದು ಬರೆದಿಟ್ಟ. ತಪ್ಪು ಮಾಡಿದರೂ ಎಷ್ಟು ಮಾಡಿದೆ ಎಂಬುದು ಗೊತ್ತಿರಬೇಕು ಎನ್ನುವ ಪೈಕಿ ಅವನು.

ಕುಬೇರಪ್ಪ ಮೊದಲ ಕಟ್ಟನ್ನು ನೋಡಿ ಹಿಗ್ಗಿದ. "ಅಗದಿ ಬರೋಬರಿ! ಇದನ್ನ ಮೊದಲ ಯಾಕ ಮಾಡಲಿಲ್ಲ?" ಎಂದು, ಅಂಥದೇ ಅಡ್ಡ ಚೌಕಟ್ಟಿದ್ದ ಕಾರ್ಡುಗಳಿಗೂ ಅದೇ ಫೋಟೋ ಅಂಟಿಸಿ ಟಪಟಪ ಶಿಕ್ಕೆ ಹೊಡೆದ. ಒಂದೇ ತಿಂಗಳಿನಲ್ಲಿ ಆ ಭಾಗದ ಕುರಿಗಾರರೆಲ್ಲ ಕಾಗದದ ಮೇಲೆ ದುಂಡಗಾದರು. ವರ್ಷವಿಡೀ ಬಿಸಿಲಲ್ಲಿ ನಡೆದು ಒಣಗಿದ ಮುಖಗಳು ಪೇಢೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವರ ಮುಖದಂತೆ ಕಂಡವು. ಮಾದರಿಗೆಂದು ಕಳಿಸಿದ ಇಪ್ಪತ್ತು ಕಾರ್ಡುಗಳನ್ನು ನೋಡಿ ಜಿಲ್ಲೆಯ ದೊಡ್ಡ ಸಾಹೇಬರು, 'ಕುರಿಗಾರರ ಆರೋಗ್ಯ ಸಮಾಧಾನಕರ' ಎಂದು ಬರೆದು ಸಹಿ ಮಾಡಿದರು.

ಬಮ್ಮಿಗಟ್ಟಿಯ ಕೆಂಚವ್ವ ಮಡಿವಾಳೆಪ್ಪನ ಕಟ್ಟೆಯ ಮೇಲೆ ಕೂತು ತನ್ನ ಕಾರ್ಡನ್ನು ಕಣ್ಣಿಗೆ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದಳು. ಆಕೆಗೆ ಅರವತ್ತು ದಾಟಿತ್ತು. ಗಂಡ ತೀರಿದ ಮೇಲೆ ಮೂವತ್ತೆಂಟು ಕುರಿ, ಎರಡು ನಾಯಿ ಅವಳವೇ. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

"ಇಕಿ ಯಾರೋ ಯಪ್ಪಾ? ಭಾಳ ಉಂಡಾಕಿ ಕಾಣತಾಳ."

"ನೀನ ಬೇ ಯವ್ವಾ."

"ನಾನ? ಹಂಗಾರ ಉಂಡದ್ದು ನನಗ್ಯಾಕ ನೆನಪಿಲ್ಲೋ?"

ಮಡಿವಾಳೆಪ್ಪ ನಗಲಿಕ್ಕೆ ಹೋಗಿ ನಗಲಿಲ್ಲ. ನೋಟುಬುಕ್ಕು ತೆಗೆದು ಅವಳ ಹೆಸರಿನ ಎದುರು ಡಿಗ್ರಿ ಬರೆದ.

ಜೂನ್ ಒಂಬತ್ತಕ್ಕೆ ಕಾವಲಿನ ಗೇಟು ತೆರೆಯಿತು. ಇಪ್ಪತ್ತನೇ ತಾರೀಖಿನವರೆಗೆ ಒಳಗೆ ಹೋದ ಹಿಂಡಿಗೆ ಮಾತ್ರ ಆ ವರ್ಷ ಮೇವು. ಅಲ್ಲಿಂದ ಮುಂದೆ ಬಾಗಿಲು ಬಂದ್. ಗೇಟಿನ ಕಾವಲುಗಾರ ರಸೂಲಸಾಬನಿಗೆ ಸಿಕ್ಕ ಅಪ್ಪಣೆ ಒಂದೇ ಸಾಲಿನದು: ಫೋಟೋಕ್ಕೂ ಮುಖಕ್ಕೂ ತಾಳೆಯಾದರೆ ಬಿಡು, ಇಲ್ಲದಿದ್ದರೆ ಬಿಡಬೇಡ. ಮೊದಲು ಬಂದವನು ಹೊಳೆಯಪ್ಪ.

ರಸೂಲಸಾಬ ಕಾರ್ಡು ನೋಡಿದ, ಹೊಳೆಯಪ್ಪನನ್ನು ನೋಡಿದ. "ಇದು ನಿಂದಲ್ಲ."

"ನಂದ ಐತ್ರಿ ಸಾಬ್ರ."

"ಇಂವ ಗುಂಡಗ ಅದಾನ. ನೀ ಬಡಿಗಿ ಇದ್ದಂಗದಿ. ಯಾವ ಸಾವಕಾರನ ಕಾರ್ಡು ತಂದೀಲೇ?"

ಹೊಳೆಯಪ್ಪನಿಗೆ ಸಿಟ್ಟು ಬಂತು. ಬೈಗುಳ ಬಾಯಿತನಕ ಬಂದಿತ್ತು. ಗೇಟು ತೆರೆಯಬೇಕಾದವನಿಗೆ ಬೈಯುವುದು ಹೇಗೆಂದು ಅದನ್ನು ಬಾಯಲ್ಲೇ ತಡೆದು ಹಿಡಿದ. ಗಲ್ಲ ಎರಡೂ ಉಬ್ಬಿದವು.

"ಹಾಂ! ಹಂಗ ಇರು, ಹಂಗ ಇರು!" ಎಂದು ರಸೂಲಸಾಬ ಕಾರ್ಡನ್ನು ಅವನ ಕಿವಿಯ ಬಾಜು ಹಿಡಿದ. "ಈಗ ನೀನ! ನಡಿ ಒಳಗ."

ಅಲ್ಲಿಂದ ಅದೇ ಪದ್ಧತಿಯಾಯಿತು. ಸರದಿಯಲ್ಲಿ ನಿಂತವರು ಗೇಟು ಹತ್ತಿರ ಬರುತ್ತಿದ್ದಂತೆ ಉಸಿರು ಎಳೆದು ಗಲ್ಲ ಉಬ್ಬಿಸಿ, ಕಾರ್ಡು ಎತ್ತಿ ಹಿಡಿದು, ಮಾತಿಲ್ಲದೆ ಒಳಗೆ ದಾಟುತ್ತಿದ್ದರು. ದೂರದಿಂದ ನೋಡಿದವರಿಗೆ ಇಡೀ ಊರು ಕಹಳೆ ಊದುವ ತಾಲೀಮು ನಡೆಸಿದಂತೆ ಕಾಣುತ್ತಿತ್ತು. ರಸೂಲಸಾಬನೂ ಸಮಾಧಾನದಿಂದಿದ್ದ, ತಾಳೆಯಾಗಬೇಕಿತ್ತು, ತಾಳೆಯಾಗುತ್ತಿತ್ತು.

ಹದಿಮೂರನೇ ತಾರೀಖು ಕೆಂಚವ್ವ ಬಂದಳು. ಉಬ್ಬಿಸಲು ಬೇಕಾದ ಗಲ್ಲವೇ ಅವಳಿಗೆ ಇರಲಿಲ್ಲ. ಹಲ್ಲಿಲ್ಲದ ಬಾಯಿ ಒಳಕ್ಕೆ ಹೋಗಿತ್ತು. ಉಸಿರು ತುಂಬಿದಳು, ತುಟಿಯ ಸಂದಿಯಿಂದ ಪುಸ್ಸೆಂದು ಹೋಯಿತು.

"ಇನ್ನೊಮ್ಮಿ ನೋಡು ಯವ್ವಾ. ನಾ ಎಣಸತೀನಿ. ಒಂದು... ಎರಡು..."

ಪುಸ್.

"ತುಟಿ ಕೈಲೆ ಹಿಡಕೊ."

"ಕೈಲೆ ಹಿಡದ್ರ ಮಾರಿ ಮುಚ್ಚತೈತಲ್ಲೋ ತಮ್ಮಾ."

ನಾಲ್ಕು ಸಲ ನೋಡಿದರು. ಮೊದಲೆರಡು ಸಲ ಸರದಿಯವರು ನಕ್ಕರು, ಆಮೇಲೆ ಅವಳ ಜೊತೆ ತಾವೂ ಉಸಿರು ಎಳೆದರು. ಹೇಗಾದರೂ ಬಿಟ್ಟುಬಿಡೋಣವೆಂದರೆ ಗೇಟಿನೊಳಗೆ ಮೇಲಿನವರೊಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ರಸೂಲಸಾಬ ತಲೆ ತಗ್ಗಿಸಿ, 'ತಾಳೆ ಇಲ್ಲ' ಎಂದು ಬರೆದು ಕಾರ್ಡನ್ನು ಕಚೇರಿಗೆ ಕಳಿಸಿದ.

ಮಾರನೆಯ ದಿನ ಮಧ್ಯಾಹ್ನ ಮಡಿವಾಳೆಪ್ಪನ ಸ್ಟುಡಿಯೋದ ಮುಂದೆ ಮೂವತ್ತೆಂಟು ಕುರಿ ನಿಂತಿದ್ದವು. ಬಮ್ಮಿಗಟ್ಟಿಯ ಹೊಲಗಳಲ್ಲಿ ಭತ್ತ ಬಿತ್ತುವ ಕೂರಿಗೆ ಓಡುತ್ತಿತ್ತು. ಅಲ್ಲಿ ಅವಕ್ಕೆ ಕಾಲಿಡುವ ಹಾಗಿರಲಿಲ್ಲ. ದಾರಿಯುದ್ದಕ್ಕೂ ಬೇಲಿ ಕಡಿಯುತ್ತ ಬಂದಿದ್ದವು. ಒಂದು ಟಗರು ಒಳಗೆ ನುಗ್ಗಿ, ಫೋಟೋಕ್ಕೆಂದು ಗೋಡೆಗೆ ಇಳಿಬಿಟ್ಟ ಪರದೆಯ ಮೇಲೆ ಬರೆದ ತೋಟವನ್ನು ನಿಜವೆಂದು ನಂಬಿ, ಕೆಳಗಿನ ಅಂಚಿನಿಂದ ಮೇಯಲು ಶುರುಮಾಡಿತು.

ಕೆಂಚವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಕಟ್ಟೆಯ ಮೇಲೆ ಕೂತು ಹೇಳಿದಳು: "ಯಪ್ಪಾ, ಆ ಉಂಡಾಕಿ ಮಾರಿ ನನ್ನ ಒಳಗ ಬಿಡವಲ್ದು. ನನ್ನ ಹಳೀ ಮಾರಿ ಐತಿಲ್ಲೋ, ಬಡವೀದು, ಅದನ್ನ ಕೊಡು. ಸುಗ್ಗಿತನಕ ಇವನ್ನ ಎಲ್ಲಿ ಇಟ್ಕೊಂಡು ಅಡ್ಡಾಡ್ಲಿ? ಹೊರಗ ಇದ್ರ ಬಡಿಗಿ ಏಟಿಗೆ ಅರ್ಧ ಸಾಯ್ತಾವ, ಹಸವಿಗೆ ಅರ್ಧ."

ಮಡಿವಾಳೆಪ್ಪ ಟಗರಿನ ಬಾಯಿಂದ ತೋಟವನ್ನು ಬಿಡಿಸಿ, ಅಂಗಿ ಹಾಕಿಕೊಂಡು ಕಚೇರಿಗೆ ಹೋದ.

ಕುಬೇರಪ್ಪ ನಿಯಮದ ಹಾಳೆ ತೆಗೆದು ಓದಿದ. ಹನ್ನೊಂದನೇ ನಿಯಮ: ಒಬ್ಬರ ಫೋಟೋ ತಾಳೆಯಾಗದಿದ್ದರೆ ಅದು ಅರ್ಜಿದಾರರ ತಪ್ಪು, ಕಾರ್ಡು ರದ್ದು, ಮುಂದಿನ ವರ್ಷ ಹೊಸ ಅರ್ಜಿ. ಹನ್ನೆರಡನೇ ನಿಯಮ: ನೂರಕ್ಕಿಂತ ಹೆಚ್ಚು ಕಾರ್ಡುಗಳಲ್ಲಿ ಒಂದೇ ದೋಷ ಕಂಡುಬಂದರೆ ಅದು ನಮೂನೆಯ ದೋಷ; ಕಚೇರಿಯೇ ಕೂಡಲೇ ಸರಿಪಡಿಸತಕ್ಕದ್ದು.

"ಹಂಗಾರ ಹನ್ನೆರಡನೇದು ಹಚ್ಚರಿ."

"ಹಚ್ಚಾಕ ನೂರರ ಮ್ಯಾಲ ಕೆಟ್ಟಾವಂತ ಯಾರರ ಒಪ್ಪಬೇಕಲ್ಲ. ಒಪ್ಪಾವ್ರು ಯಾರು? ಹಿಗ್ಗಿಸಿದಾವ ನೀ." ಕುಬೇರಪ್ಪ ದನಿ ಇಳಿಸಿದ. "ಬುಧವಾರ ದೊಡ್ಡ ಸಾಹೇಬ್ರು ತಪಾಸಣಿಗೆ ಬರತಾರ. ನನ್ನ ಮಾತ ಕೇಳು. ಒಂದ ಫೋಟೋ ಕೈ ತಪ್ಪಿ ಕೆಟ್ಟೈತಿ ಅನ್ನು. ಒಂದ. ನಿನ್ನ ಬೋರ್ಡು ಉಳೀತೈತಿ, ನನ್ನ ಪೆನ್ಶನ್ ಉಳೀತೈತಿ. ನೂರು ಇನ್ನೂರು ಅಂತ ಬಾಯಿ ಬಿಟ್ಟಿ ಅಂದ್ರ, ಮಂದಿ ಮಾರಿ ಖೋಟಾ ಮಾಡಿದಾವ ಅಂತ ನಿನ್ನ ಮ್ಯಾಲ ಕೇಸು ಹಾಕಿದ್ರೂ ಹಾಕಿದ್ರು."

"ಕೆಂಚವ್ವ?"

"ಮುಂದಿನ ವರ್ಷ ಹೊಸ ಅರ್ಜಿ."

"ಕುರಿ ಮುಂದಿನ ವರ್ಷದ ಮಟಾ ಉಪಾಸ ಇರಬೇಕೇನ್ರಿ?"

"ಅದು ನಿಯಮದಾಗ ಬರದಿಲ್ಲ," ಎಂದ ಕುಬೇರಪ್ಪ. ಹಾಳೆಯನ್ನು ತಿರುಗಿಸಿ, ನಿಜಕ್ಕೂ ಬರೆದಿಲ್ಲವೆಂದು ಖಾತ್ರಿ ಮಾಡಿಕೊಂಡ.

ಮಂಗಳವಾರ ಸಂಜೆ ಮಡಿವಾಳೆಪ್ಪ ರೊಟ್ಟಿಯ ಮುಂದೆ ಕೂತು ಉಣ್ಣದೆ ಇದ್ದದ್ದನ್ನು ರೇವವ್ವ ನೋಡಿದಳು. ನಾಲ್ಕು ದಿನದಿಂದ ಕೆಂಚವ್ವನ ಕುರಿಗಳು ರೇವವ್ವನ ಹಿತ್ತಲಲ್ಲೇ ಇದ್ದವು. ತೊಂಡೆ ಚಪ್ಪರ ಹೋಗಿತ್ತು, ಕರಿಬೇವು ಹೋಗಿತ್ತು. ಕೆಂಚವ್ವ ಅಲ್ಲೇ ಮೂಲೆಯಲ್ಲಿ ಒಂದು ಮರಿಗೆ ಕೈಯಿಂದ ಹೊಟ್ಟು ತಿನ್ನಿಸುತ್ತಿದ್ದಳು. ಬಾಜು ಮನೆಯ ಬಡಿಗೇರರ ಅಂಗಳದಲ್ಲಿ ಅರಗು ಹಚ್ಚಿದ ತೊಟ್ಟಿಲುಗಳು ಒಣಗುತ್ತಿದ್ದವು.

"ಅಲ್ಲಿ ನೋಡ್ರಿ," ಎಂದಳು ರೇವವ್ವ. "ಬಡಿಗ್ಯಾರು ಕೂಸಿನ ಅಳತಿಗೆ ತೊಟ್ಟಿಲಾ ಮಾಡ್ತಾರ. ತೊಟ್ಟಿಲಾ ಸಣ್ಣದಾತಂತ ಯಾರರ ಕೂಸಿನ ಕಾಲ ಕೊಯ್ತಾರೇನು? ನಿಮ್ಮ ಕಚೇರ್ಯಾಗ ಅಷ್ಟೂ ತಿಳಿಯೂದಿಲ್ಲ?"

"ಅವ್ರಿಗೆ ತಿಳಿಯೂದಿಲ್ಲ. ನನಗ ತಿಳೀತಿತ್ತು."

"ಮತ್ತ ಹೇಳ್ರಿ ನಾಳಿಗೆ."

"ಹೇಳಿದ್ರ ಬೋರ್ಡು ಹೋಗತೈತಿ. ಕೇಸು ಆದ್ರೂ ಆತು."

ರೇವವ್ವ ರೊಟ್ಟಿಯ ಬುಟ್ಟಿಯನ್ನು ಅವನ ಮುಂದಕ್ಕೆ ನೂಕಿದಳು. "ನನ್ನ ರೊಟ್ಟಿ ಒಂದ ಸೆಂಟಿಮೀಟರ್ ಫರಕ್ ಆದಾಗ ಹೇಳಾಕ ಬಾಯಿತ್ತು. ಆವಾಗೂ ಊಟ ಹೋಗಿತ್ತು, ಆದ್ರೂ ಹೇಳಿದ್ರಿ. ಈಗೆಲ್ಲಿ ಹೋತು ಆ ಬಾಯಿ?"

ಮಡಿವಾಳೆಪ್ಪ ಉಂಡ. ಉಂಡು ಕೈತೊಳೆದು, ನೋಟುಬುಕ್ಕು ತೆಗೆದು, ಮೊದಲ ಹಾಳೆಯಿಂದ ಎಣಿಸಲು ಕೂತ. ಎರಡು ಸಲ ಎಣಿಸಿದ. ಮೂರನೇ ಸಲ ಕೊನೆಯಿಂದ ಹಿಂದಕ್ಕೆ ಎಣಿಸಿದ.

ಬುಧವಾರ, ಜೂನ್ ಹದಿನೆಂಟು. ಕಚೇರಿಯ ನಡುವಿನ ಮೇಜಿಗೆ ದೊಡ್ಡ ಸಾಹೇಬರು ಕೂತರು. ಕುಬೇರಪ್ಪ ಬಲಕ್ಕೆ, ರಸೂಲಸಾಬ ಬಾಗಿಲಲ್ಲಿ, ಕೆಂಚವ್ವ ನೆಲದ ಮೇಲೆ. ಸಾಹೇಬರು ಕಾರ್ಡನ್ನೂ ಕೆಂಚವ್ವನನ್ನೂ ನೋಡಿ, "ಇದು ಬೇರೆ ಹೆಂಗಸಿನ ಕಾರ್ಡು, ಸ್ಪಷ್ಟವಾಗಿದೆ," ಎಂದರು.

"ಬ್ಯಾರೆದಾಕಿ ಅಲ್ರಿ ಸಾಹೇಬ್ರ," ಎಂದ ಮಡಿವಾಳೆಪ್ಪ. "ಆಕೀನ. ನಾ ಹಿಗ್ಗಿಸೇನಿ."

ಸಾಹೇಬರು ಕನ್ನಡಕ ತೆಗೆದರು. ಏಕೆ ಎಂದು ಕೇಳಿದರು. ಮಡಿವಾಳೆಪ್ಪ ಜೇಬಿನಿಂದ ಪಟ್ಟಿ ತೆಗೆದು ಅರ್ಜಿಯ ಚೌಕಟ್ಟಿನ ಮೇಲಿಟ್ಟು, ಎರಡಕ್ಕೆ ಮೂರರ ಲೆಕ್ಕವನ್ನು ಹೇಳಿದ. ಕೊನೆಗೆ ಪಟ್ಟಿಯನ್ನು ಸಾಹೇಬರ ಮುಖದತ್ತ ಒಯ್ದು, "ನಿಮ್ಮದೂ ಅಷ್ಟ ಬರತೈತ್ರಿ, ಬೇಕಾದ್ರ ನೋಡ್ರಿ," ಎಂದ. ಸಾಹೇಬರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಆಮೇಲೆ ಮುಖ್ಯ ಪ್ರಶ್ನೆ ಬಂತು:

"ಸರಿ, ಹೀಗೆ ಹಿಗ್ಗಿಸಿದ್ದು ಇದೊಂದೇ ತಾನೇ?"

ಕುಬೇರಪ್ಪ ಮೇಜಿನ ಕೆಳಗೆ ಒಂದು ಬೆರಳು ಎತ್ತಿ ತೋರಿಸಿದ.

ಮಡಿವಾಳೆಪ್ಪ ಏನೆಂದ ಎಂಬುದಕ್ಕಿಂತ ಮೊದಲು, ಅಂದದ್ದರಿಂದ ಏನಾಯಿತು ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ಆ ಮಾತು ಕೇಳಿ ಸಾಹೇಬರು ತೆಗೆದಿಟ್ಟ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆ ಮುಖಗಳನ್ನು ಖೋಟಾ ಎಂದರೆ, ಅವುಗಳ ಆರೋಗ್ಯ ಸಮಾಧಾನಕರ ಎಂದು ತಾವೇ ಬರೆದ ಸಹಿಯೂ ಖೋಟಾಗಳ ಸಾಲಿಗೆ ಸೇರುತ್ತಿತ್ತು. ಕೇಸಿನ ಮಾತು ಯಾರೂ ಎತ್ತಲಿಲ್ಲ. ಹನ್ನೆರಡನೇ ನಿಯಮ ಹಚ್ಚಲಾಯಿತು. ನಿಂತ ಚೌಕಟ್ಟು ಅಚ್ಚಾದ ಚೀಟಿಯೊಂದನ್ನು ಎಲ್ಲ ಅರ್ಜಿಗಳ ಮೇಲೂ ಕಾರ್ಡುಗಳ ಮೇಲೂ ಅಂಟಿಸಬೇಕೆಂದು ಹುಕುಂ ಆಯಿತು. ಚೀಟಿ ಕೆಳಗೆ ಚಾಚಿ ನಾಯಿಯ ಸಾಲನ್ನು ಮುಚ್ಚಿತು. ಅಂದಿನಿಂದ ನಾಯಿಗಳು ಅರ್ಜಿಯಲ್ಲಿ ದಾಖಲಾಗದೆ ಕಾವಲಿಗೆ ಹೋದವು. ಅವಕ್ಕೆ ಏನೂ ಫರಕು ಕಾಣಲಿಲ್ಲ.

ಕುಬೇರಪ್ಪನಿಗೆ ಒಂದು ಮೆ‌ಮೊ ಬಂತು, ಪೆನ್ಶನ್ ಉಳಿಯಿತು. ಮಡಿವಾಳೆಪ್ಪನ ಬೋರ್ಡನ್ನು ಒಂದು ವರ್ಷಕ್ಕೆ ಇಳಿಸಿದರು. ಮೊಳೆಯ ತೂತುಗಳ ನಡುವಿನ ಅಂತರವನ್ನು ಅಳೆದು ಅವನು ಅಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿದ. ಮಂದಿ ಮೊದಲಿನಂತೆಯೇ ಬಂದರು.

ಕೆಂಚವ್ವನ ಹೊಸ ಫೋಟೋವನ್ನು ಅವನು ಅದೇ ಬುಧವಾರ ಮಧ್ಯಾಹ್ನ ಹಲಗೆ ಸಮತಟ್ಟಾಗಿಟ್ಟು ತೆಗೆದುಕೊಟ್ಟ. ಒಳಕ್ಕೆ ಹೋದ ಬಾಯಿ, ಬತ್ತಿದ ಗಲ್ಲ, ಎರಡಕ್ಕೆ ಮೂರು. ಗುರುವಾರ ಹತ್ತಕ್ಕೆ ಕಾವಲಿನ ಗೇಟಿನಲ್ಲಿ ರಸೂಲಸಾಬ ಅದನ್ನು ನೋಡಿ, "ಈಗ ನೋಡು, ಅಗದಿ ನೀನ ಇದ್ದಂಗದಿ," ಎಂದು ಗೇಟು ತೆರೆದ. ಕೆಂಚವ್ವ ರೂಢಿಯಂತೆ ಉಸಿರು ಎಳೆಯುವುದರಲ್ಲಿದ್ದಳು. ರಸೂಲಸಾಬನೇ ಗಲ್ಲ ಉಬ್ಬಿಸಿ ತೋರಿಸಿ ನಕ್ಕ. ಮೂವತ್ತೆಂಟೂ ಒಳಗೆ ದಾಟಿದವು, ಪರದೆ ಮೇಯ್ದ ಟಗರು ಮುಂದಾಗಿ. ಗೇಟು ಮುಚ್ಚಲು ಇನ್ನೂ ಒಂದು ದಿನ ಉಳಿದಿತ್ತು.

ಹಳೆಯ ಅಗಲ ಫೋಟೋವನ್ನು ಕೆಂಚವ್ವ ಬಿಸಾಡಲಿಲ್ಲ. ದೇವರ ಗೂಡಿನ ಪಕ್ಕ ಅಂಟಿಸಿದ್ದಳು. ಯಾರಾದರೂ ಕೇಳಿದರೆ, "ಇಕಿ ನಮ್ಮ ಮನಿ ಸಾವಕಾರ್ತಿ. ಉಣ್ಣೂದೆಲ್ಲಾ ಇಕಿ ಉಣತಾಳ, ಕುರಿ ಕಾಯೂದು ನಾನು," ಎನ್ನುತ್ತಿದ್ದಳು.

ಅಂದು ಕಚೇರಿಯಲ್ಲಿ ಮಡಿವಾಳೆಪ್ಪ ಎಷ್ಟೆಂದ ಎಂಬುದರ ಬಗ್ಗೆ ಊರಲ್ಲಿ ಆಮೇಲೆ ಬೇರೆ ಬೇರೆ ಮಾತು ಹುಟ್ಟಿತು. ನೂರಾ ಒಂದು ಎಂದು ಕುಬೇರಪ್ಪ ಹೇಳುತ್ತಿದ್ದ, ನಿಯಮಕ್ಕೆ ಅಷ್ಟು ಸಾಕಾಗಿತ್ತೆಂದು. ಸಾವಿರ ಎಂದು ಹೊಳೆಯಪ್ಪ ಹೇಳುತ್ತಿದ್ದ, ಕತೆಗೆ ಅಷ್ಟಾದರೂ ಬೇಕೆಂದು. ಎರಡೂ ಅಲ್ಲ. ಸಾಹೇಬರ ಪ್ರಶ್ನೆಗೆ ಮಡಿವಾಳೆಪ್ಪ ನೆಟ್ಟಗೆ ನಿಂತ. ಮೇಜಿನ ಕೆಳಗಿನ ಬೆರಳನ್ನು ನೋಡಿದ. ನೆಲದ ಮೇಲೆ ಕೂತವಳನ್ನು ನೋಡಿದ. ಪಟ್ಟಿಯನ್ನು ಜೇಬಿಗೆ ಇಳಿಸಿ, ನೋಟುಬುಕ್ಕನ್ನು ತೆರೆಯದೆಯೇ ಮೇಜಿನ ಮೇಲಿಟ್ಟು, ಫೋಟೋಕ್ಕೆ ಕೂತವರಿಗೆ ಗದ್ದ ತಗ್ಗಿಸಿ ಎನ್ನುವಾಗಿನ ಅದೇ ದನಿಯಲ್ಲಿ ಹೇಳಿದ:

"ಒಂದ ಅಲ್ರಿ ಸಾಹೇಬ್ರ. ಕೆಂಚವ್ವನ್ನ ಹಿಡದು ಎರಡನೂರಾ ಹದಿನಾಲ್ಕು."